ಗ್ರೈಂಡರ್ ನೋಡಲು ಬಂದವರು

ಹೊಸ ಬಾಡಿಗೆ ಮನೆಯ ಅಡುಗೆಕೋಣೆಯನ್ನು ಭಾನುಪ್ರಿಯಾ ತನ್ನ ವೇಲಿನಿಂದ ಅಳೆದುಕೊಂಡು ಬಂದಿದ್ದಳು. ಟೇಪು ಒಯ್ಯುವುದು ಮರೆತುಹೋಗಿತ್ತು. ವೇಲಿಗೆ ಹಾಕಿದ ಗಂಟನ್ನು ಬಿಚ್ಚದೆ ಈಗಿನ ಮನೆಗೆ ಬಂದು ಒಂದೊಂದೇ ಸಾಮಾನಿಗೆ ಹಿಡಿದು ನೋಡಿದಳು. ಫ್ರಿಜ್ಜು ಹಿಡಿಸುತ್ತಿತ್ತು. ಅಕ್ಕಿ ಡ್ರಮ್ಮು ಕಟ್ಟೆಯ ಕೆಳಗೆ ಕೂರುತ್ತಿತ್ತು. ಅತ್ತೆ ಮಾರಮ್ಮನ ಗ್ರೈಂಡರಿಗೆ ಮಾತ್ರ ಜಾಗವಿರಲಿಲ್ಲ.

ಚನ್ನರಾಯಪಟ್ಟಣದ ರಸ್ತೆಯಲ್ಲಿ ಕೊಂಡಿಟ್ಟಿದ್ದ ಸೈಟಿನಲ್ಲಿ ಗೋಡೆ ಏಳಬೇಕಾದರೆ ಕೈ ಬಿಗಿ ಹಿಡಿಯದೆ ದಾರಿಯಿರಲಿಲ್ಲ. ಗಂಡ ಶಿವರಾಜು ಹಾಸನದ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಭಾನುಪ್ರಿಯಾ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಮಗಳು ಶೋಭಿತಾಳ ಪಿಯು ಪರೀಕ್ಷೆ ಮುಗಿದ ಕೂಡಲೇ ಎರಡು ಕೋಣೆಯ ಸಣ್ಣ ಮನೆಗೆ ಹೋಗುವುದು, ಅಲ್ಲಿಯವರೆಗೆ ಬೇಡದ್ದನ್ನೆಲ್ಲ ಮಾರುವುದು ಎಂದು ತೀರ್ಮಾನವಾಗಿತ್ತು. ಟಿವಿಗೆ ದುಡ್ಡು ಕಟ್ಟುವುದು ನಿಂತಿತ್ತು. ಬಾಡಿನ ಸಾರು ವಾರ ಬಿಟ್ಟು ವಾರವಾಗಿತ್ತು. ಕಾಫಿಗೆ ಹಾಲು ಎಷ್ಟು ತೆಳುವಾಯಿತೆಂದರೆ ಮಾರಮ್ಮ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ಒಂದು ವರ್ಷದಿಂದ ಮುಟ್ಟದ ಸಾಮಾನು ಮನೆಗೆ ಬೇಡದ ಸಾಮಾನು ಎಂದು ಭಾನುಪ್ರಿಯಾ ಯಾವುದೋ ವಿಡಿಯೊದಲ್ಲಿ ಕೇಳಿದ್ದಳು. ಅದನ್ನು ಊಟದ ಹೊತ್ತಿಗೆ ಹೇಳಿದಳು.

"ಒಂದು ವರ್ಸದಿಂದ ನನ್ನೂ ಯಾರೂ ಮುಟ್ಟಿಲ್ಲ," ಅಂದಳು ಮಾರಮ್ಮ, ಮುದ್ದೆ ಮುರಿಯುತ್ತ. "ನನ್ನೂ ಒಂದು ಪೋಟ ತೆಗ್ದು ಹಾಕ್ಬುಡವ್ವ. ಯಾರಾದ್ರೂ ಮುದುಕಿ ಬೇಕಾದೋರು ತಗಂಡೋಗ್ಲಿ."

ಶೋಭಿತಾ ನಕ್ಕಳು. ಭಾನುಪ್ರಿಯಾ ನಗಲಿಲ್ಲ. ಗ್ರೈಂಡರ್ ಮಾರಲು ಅತ್ತೆಯನ್ನು ಒಪ್ಪಿಸಲು ವಾರಗಟ್ಟಲೆ ಹಿಡಿಯುತ್ತದೆ ಎಂದುಕೊಂಡಿದ್ದಳು. ಅದು ಮಾರಮ್ಮನ ಸ್ವಂತ ದುಡಿಮೆಯದು. ಕೊಣನೂರಿನ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ಕೂಡಿಟ್ಟ ಹಣದಲ್ಲಿ ಅರಕಲಗೂಡಿನ ಅಂಗಡಿಯಿಂದ ತಂದದ್ದು. ಹಬ್ಬ ಬಂದರೆ ಇಡೀ ಕೇರಿಯ ದೋಸೆ ಹಿಟ್ಟನ್ನು ಅದರಲ್ಲೇ ರುಬ್ಬುತ್ತಿದ್ದರು. ಹಾಸನಕ್ಕೆ ಬಂದ ಮೇಲೆ ಮಿಕ್ಸಿಯಲ್ಲೇ ಎಲ್ಲ ಆಗುತ್ತಿತ್ತು, ನಿಜ. ಆದರೂ ಮಾರಮ್ಮ ವಾರಕ್ಕೊಮ್ಮೆ ಅದರ ಕಲ್ಲು ತೊಳೆದು ಒರೆಸಿಡುತ್ತಿದ್ದಳು.

"ಮಾರ್ಕಳವ್ವ, ನಿನ್ ಮನೆ," ಎಂದು ಅವಳು ಒಂದೇ ಮಾತಿಗೆ ಒಪ್ಪಿಬಿಟ್ಟಳು. ಅಷ್ಟು ಸಲೀಸಾಗಿ ಒಪ್ಪಿದ್ದೇ ಭಾನುಪ್ರಿಯಾಳಿಗೆ ಸರಿಕಾಣಲಿಲ್ಲ.

ಊರಿನವರು ಹಳೇ ಸಾಮಾನು ಕೊಟ್ಟು ಕೊಳ್ಳುವ ಒಂದು ವಾಟ್ಸಾಪ್ ಗುಂಪಿತ್ತು. ಫೋಟೊ ತೆಗೆದು ಹಾಕುವುದು, ಕೇಳಿದವರಿಗೆ ಉತ್ತರ ಬರೆಯುವುದು ಶೋಭಿತಾಳ ಪಾಲಿಗೆ ಬಂತು. ಭಾನುವಾರ ಗಿರಾಕಿಗಳು ಬರುತ್ತಿದ್ದರು. ಮೊದಲ ವಾರ ದಿವಾನ ಹೋಯಿತು. ಆಮೇಲೆ ಹೊಲಿಗೆ ಮಿಷನ್ನು, ಶೋಭಿತಾಳ ಸೈಕಲ್ಲು, ಗಾಜಿನ ಶೋಕೇಸು. ಗ್ರೈಂಡರ್ ಹೋಗಲಿಲ್ಲ.

ನೋಡುವವರಿಗೆ ಕೊರತೆಯಿರಲಿಲ್ಲ. ಬರುವರು, ಗೇಟಿನ ಪಕ್ಕದ ಮೆಟ್ಟಿಲ ಮೇಲೆ ಕೂತ ಮಾರಮ್ಮನ ಹತ್ತಿರ ಎರಡು ಮಾತಾಡುವರು, ಒಳಗೆ ಬಂದು ಕಲ್ಲಿನ ಮೇಲೆ ಕೈಯಾಡಿಸುವರು, ಫೋನ್ ಮಾಡುತ್ತೇವೆ ಎಂದು ಹೇಳಿ ಹೋಗುವರು. ಕೆಲವರು ಮೆಟ್ಟಿಲಿನಿಂದಲೇ ವಾಪಸು. ಭಾನುಪ್ರಿಯಾ ಬೆಲೆ ಇಳಿಸಿದಳು. ಮತ್ತೊಂದು ವಾರ ಕಾದು ಇನ್ನೂ ಇಳಿಸಿದಳು. ಗುಜರಿಯವನು ಕೂಡ ಅದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದು ಶಿವರಾಜು ಗೊಣಗಿದ.

ಅವನ ನಡವಳಿಕೆಯೂ ಅವಳಿಗೆ ಬಗೆಹರಿಯಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದವನೇ ನಡುಮನೆಯ ಗೋಡೆಯಿಂದ ಬಾಬಾಸಾಹೇಬರ ಫೋಟೊ, ಅದರ ಪಕ್ಕದ ಬುದ್ಧನ ಫೋಟೊ ಎರಡನ್ನೂ ಇಳಿಸಿ ಕೋಣೆಯ ಮಂಚದ ಹಿಂದಕ್ಕೆ ಇಡುತ್ತಿದ್ದ. ಯಾಕೆ ಎಂದು ಕೇಳಿದರೆ ಗೋಡೆಯ ಸುಣ್ಣ ಉದುರುತ್ತಿದೆ, ಗಾಜು ಕೊಳೆಯಾಗುತ್ತದೆ ಅನ್ನುತ್ತಿದ್ದ. ಸೋಮವಾರ ಅವು ಮತ್ತೆ ಗೋಡೆಯ ಮೇಲಿರುತ್ತಿದ್ದವು. ಸುಣ್ಣ ಭಾನುವಾರ ಮಾತ್ರ ಉದುರುತ್ತದೆಯೇ ಎಂದು ಅವಳು ಕೇಳಿದ್ದಕ್ಕೆ ಅವನು ಸ್ನಾನಕ್ಕೆ ಹೋದ. ಶೋಭಿತಾ ಬೇರೆ, ಅಮ್ಮ ಹತ್ತಿರ ಬಂದರೆ ಫೋನನ್ನು ಮಗುಚಿಡುತ್ತಿದ್ದಳು.

ಮೂವರೂ ಸೇರಿ ಏನನ್ನೋ ಮುಚ್ಚುತ್ತಿದ್ದಾರೆ ಎಂದು ಭಾನುಪ್ರಿಯಾಳಿಗೆ ಗಟ್ಟಿಯಾಯಿತು. ಸಣ್ಣ ಮನೆಗೆ ಬರಲು ಇವರಿಗೆ ಇಷ್ಟವಿಲ್ಲ. ಸೈಟಿನ ಹಣವನ್ನು ಕೊಣನೂರಿನಲ್ಲಿರುವ ಮೈದುನ ಅಶೋಕನ ಕೊಳವೆಬಾವಿಗೆ ಹಾಕುವ ಯೋಚನೆ ಅಮ್ಮ ಮಗ ಇಬ್ಬರಲ್ಲೂ ಇದೆ. ಸಾರು ಬಡಿಸುವಾಗ ಅದನ್ನು ಆಡಿಯೂ ತೋರಿಸಿದಳು. ಶಿವರಾಜು ತಟ್ಟೆ ಬಿಟ್ಟೆದ್ದ. ಮಾರಮ್ಮ ಮಗನ ತಟ್ಟೆಯ ಮುದ್ದೆಯನ್ನು ತನ್ನ ತಟ್ಟೆಗೆ ಎಳೆದುಕೊಂಡು ಉಂಡು ಮುಗಿಸಿದಳು. ರಾಗಿ ಏನು ಮಾಡಿತ್ತು ಪಾಪ ಅಂದಳು.

ಗುಟ್ಟು ಒಡೆದದ್ದು ಲ್ಯಾಬಿನಲ್ಲಿ. ಸಂತೆಪೇಟೆಯ ಹತ್ತಿರ ದೋಸೆ ಗಾಡಿ ಇಟ್ಟಿದ್ದ ದೇವರಾಜ್ ಸಕ್ಕರೆ ಪರೀಕ್ಷೆಗೆ ಬಂದಿದ್ದ. ಗ್ರೈಂಡರ್ ನೋಡಲು ಬಂದವರಲ್ಲಿ ಇವನೂ ಒಬ್ಬ. ಭಾನುಪ್ರಿಯಾ ಗುರುತು ಹಿಡಿದು, ಯಾಕೆ ತೆಗೆದುಕೊಳ್ಳಲಿಲ್ಲ ಎಂದು ತೋಳಿಗೆ ರಬ್ಬರು ಬಿಗಿಯುತ್ತಲೇ ವಿಚಾರಿಸಿದಳು.

"ನಿಮ್ಮತ್ತೆನೇ ಹೇಳುದ್ರಲ್ಲ ಮೇಡಂ. ಮೋಟ್ರು ಸುಟ್ಟೋಗದೆ, ನಮ್ ಸೊಸೆ ನಿಮ್ಗೆ ಹೇಳಲ್ಲ, ಸುಮ್ನೆ ಮೋಸ ಓಗ್ಬ್ಯಾಡ ಕಣಪ್ಪ ಅಂತ. ಪುಣ್ಯಾತ್ಗಿತ್ತಿ ಅಂದ್ಕಂಡು ಬಂದ್ಬುಟ್ಟೆ. ಬ್ಯಾರೆ ಕಡೆ ತಗಂಡೆ ಬುಡಿ."

ಅವತ್ತು ಅವಳು ಚುಚ್ಚಿದ ಸೂಜಿ ಎರಡನೆಯ ಸಲಕ್ಕೆ ನರ ಹಿಡಿಯಿತು.

ಸಂಜೆ ಮನೆಗೆ ಬಂದವಳು ಚೀಲವನ್ನೂ ಇಳಿಸದೆ ನೇರ ಅಡುಗೆಕೋಣೆಗೆ ಹೋಗಿ ಗ್ರೈಂಡರಿನ ಸ್ವಿಚ್ಚು ಒತ್ತಿದಳು. ಬರೀ ಕಲ್ಲು ಗರಗರ ತಿರುಗಿತು. ಮಾರಮ್ಮ ಸೊಪ್ಪು ಬಿಡಿಸುತ್ತಿದ್ದಳು. ಶಿವರಾಜು ಡಿಪೊದ ಅಂಗಿಯಲ್ಲೇ ಬಾಗಿಲಿಗೆ ಬಂದು ನಿಂತ.

"ಸುಟ್ಟೋಗಿರೋ ಮೋಟ್ರು ಹೀಗೆ ತಿರುಗುತ್ತಾ, ಅತ್ತೆ?"

ಮಾರಮ್ಮ ಸೊಪ್ಪಿನ ಕಡ್ಡಿ ಮುರಿದಳು.

"ಬಂದೋರಿಗೆಲ್ಲ ಮೋಟ್ರು ಕೆಟ್ಟಿದೆ ಅಂತ ಹೇಳಿದ್ರಾ ಇಲ್ವಾ?"

"ಹೇಳ್ದೆ."

"ಯಾಕೆ?"

"ಹೇಳ್ಬೇಕು ಅನ್ನುಸ್ತು, ಹೇಳ್ದೆ."

"ಮಾರೋಕೆ ಮನಸ್ಸಿಲ್ಲ ಅಂದ್ರೆ ಬಾಯಿಬಿಟ್ಟು ಹೇಳಬೇಕಿತ್ತು. ನಾನೇನು ಕಿತ್ಕೊಂಡು ಮಾರ್ತಿದ್ನಾ? ಮನೆಯೊಳಗೇ ಕೂತ್ಕೊಂಡು ಮನೆ ಕೆಡಿಸೋ ಕೆಲಸ ಮಾಡಬೇಡಿ."

ಶಿವರಾಜು ಭಾನು ಎಂದು ಗದರಿದ. ಆ ಗದರಿಕೆಯಲ್ಲಿ ಬಲವಿರಲಿಲ್ಲ. ಹೇಳಬೇಕಾದ್ದು ಏನೋ ಇದ್ದು ಅದನ್ನು ನುಂಗಿಕೊಂಡವನಂತೆ ತಾಯಿಯ ಮುಖ ನೋಡಿದ. ಮಾರಮ್ಮ ಕಣ್ಣಲ್ಲೇ ಸುಮ್ಮನಿರಿಸಿದಳು. ಆ ನೋಟವನ್ನು ಭಾನುಪ್ರಿಯಾ ಕಂಡಳು. ತನ್ನ ಅನುಮಾನ ಪೂರ್ತಿ ನಿಜ ಅಂದುಕೊಂಡಳು.

ಮಾರನೆಯ ಬೆಳಿಗ್ಗೆ ಮಾರಮ್ಮ ಸೀರೆಗಳನ್ನು ಗಂಟುಕಟ್ಟಿಕೊಂಡು ಕೊಣನೂರಿನ ಬಸ್ಸು ಹತ್ತಿದಳು. ಕಿರಿಯ ಮಗನ ಮನೆಯಲ್ಲಿ ಇದ್ದುಬಿಡುತ್ತೇನೆ, ಸಣ್ಣ ಮನೆಗೆ ಒಬ್ಬರು ಕಮ್ಮಿಯಾದರೆ ಒಳ್ಳೆಯದೇ ತಾನೆ ಎಂದು ಶಿವರಾಜುವಿಗೆ ಹೇಳಿದಳಂತೆ. ಅವಳು ವಾಪಸು ಬರುವುದಿಲ್ಲ ಎಂದು ಶಿವರಾಜುವಿಗೂ ಶೋಭಿತಾಳಿಗೂ ಗೊತ್ತಾಯಿತು. ಭಾನುಪ್ರಿಯಾಳಿಗೂ ಗೊತ್ತಾಯಿತು. ಮೂವರೂ ಉಂಡರು. ಬಸ್ಸಾರಿಗೆ ಖಾರ ರುಬ್ಬಿದ್ದು ಭಾನುಪ್ರಿಯಾ. ಯಾರೂ ಇನ್ನೊಂದು ಸೌಟು ಕೇಳಲಿಲ್ಲ.

ಆ ಭಾನುವಾರ ಶಿವರಾಜುವಿಗೆ ಡ್ಯೂಟಿ ಬಿತ್ತು. ಫೋಟೊಗಳು ಗೋಡೆಯ ಮೇಲೇ ಉಳಿದವು. ಮೆಟ್ಟಿಲ ಮೇಲೆ ಕೂರುವವರೂ ಇರಲಿಲ್ಲ.

ಸಾಲಗಾಮೆಯ ಕಡೆಯಿಂದ ಕಾರಿನಲ್ಲಿ ಪುಟ್ಟತಾಯಮ್ಮ ಎಂಬ ಹಿರಿಯಾಕೆ, ಅವರ ಮೊಮ್ಮಗಳು ನಿಸರ್ಗ ಬಂದರು. ಜಮೀನಿದ್ದ ದೊಡ್ಡ ಮನೆತನ. ಮನೆಯಲ್ಲಿ ಮದುವೆಯಿತ್ತು, ನೆಂಟರಿಗೆಲ್ಲ ತಿಂಡಿ ಆಗಬೇಕಿತ್ತು. ನಾಲ್ಕು ದಿನದ ಕೆಲಸಕ್ಕೆ ಹೊಸದು ಕೊಂಡು ದುಡ್ಡು ಯಾಕೆ ಸುರಿಯಬೇಕೆಂದು ಮೊಮ್ಮಗಳೇ ಈ ಗುಂಪು ಹುಡುಕಿ ಕೊಟ್ಟಿದ್ದಳು. ಪುಟ್ಟತಾಯಮ್ಮ ಗುಂಡುಕಲ್ಲನ್ನು ಎತ್ತಿಸಿ ನೋಡಿದರು, ತಿರುಗಿಸಿ ನೋಡಿದರು. ಇಷ್ಟು ಚೊಕ್ಕಟವಾಗಿ ಇಟ್ಟುಕೊಂಡಿರುವ ಹೆಂಗಸು ಯಾರೋ ಎಂದು ಹೊಗಳಿದರು. ಅತ್ತೆಯದು ಎಂದು ಭಾನುಪ್ರಿಯಾ ಹೇಳಿದಳು. ಬೆಲೆ ಕುದುರಿತು. ನಿಸರ್ಗ ಹಣ ಹಾಕಲು ಫೋನು ತೆಗೆದಳು. ಭಾನುಪ್ರಿಯಾ ಕಾಫಿ ತರಲು ಒಳಗೆ ಹೋದಳು. ಆ ದಿನ ಹಾಲು ಸ್ವಲ್ಪ ಧಾರಾಳವಾಗಿಯೇ ಬಿತ್ತು.

ತಟ್ಟೆ ಹಿಡಿದು ಬಂದಾಗ ಪುಟ್ಟತಾಯಮ್ಮ ಕುರ್ಚಿಯಿಂದ ಎದ್ದು ಗೋಡೆ ನೋಡುತ್ತಿದ್ದರು.

"ನಿಮ್ಮತ್ತೆದು ಯಾವೂರು ಅಂದೆವ್ವ?"

"ಕೊಣನೂರು ಹತ್ರ."

"ಊರೊಳ್ಗೋ, ಆಚೆಗೋ?"

ಕಾಫಿ ತಟ್ಟೆ ಭಾನುಪ್ರಿಯಾಳ ಕೈಯಲ್ಲೇ ಇತ್ತು. "ಆಚೆಗೆ," ಅಂದಳು.

"ಅಂಗಾ," ಅಂದರು ಪುಟ್ಟತಾಯಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿಗೆ ತಿಳಿಹೇಳುವ ಮೆದುವಿತ್ತು. "ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ. ದೇವ್ರಿಗೆ ಎಡೆ ಇಡೋ ಮನೆ ನಮ್ದು. ರುಬ್ಬೋ ಕಲ್ಲು ಅಂದ್ರೆ ನೀರು ಈರ್ಕಂಡಿರ್ತದೆ. ಎಷ್ಟ್ ತೊಳುದ್ರೂ ಅಷ್ಟೆ. ಒಳಗೊಂದು ಮಂಚ ಕಂಡಂಗಾಯ್ತು. ಅದ್ನ ಕೊಡಂಗಿದ್ರೆ ಯೋಳು. ಒರುಸ್ಕಂಡು ಮನೀಕಬೋದು."

"ಅಜ್ಜಿ, ಸಾಕು ನಡೀರಿ," ಎಂದಳು ನಿಸರ್ಗ. ಅವಳ ಮುಖ ಕೆಂಪಗಾಗಿತ್ತು. ಫೋನನ್ನು ಮಾತ್ರ ಚೀಲಕ್ಕೆ ಹಾಕಿಕೊಂಡಾಗಿತ್ತು.

"ಮಂಚ ಮಾರಲ್ಲ," ಅಂದಳು ಭಾನುಪ್ರಿಯಾ.

ಕಾರು ಹೋದ ಮೇಲೆ ಶೋಭಿತಾ ಎರಡೂ ಲೋಟದ ಕಾಫಿಯನ್ನು ಸಿಂಕಿಗೆ ಸುರಿದಳು. ನಲ್ಲಿ ಬಿಟ್ಟು ನಿಂತೇ ಇದ್ದಳು.

"ಇವ್ರಾದ್ರೂ ಎದುರಿಗೇ ಹೇಳಿದ್ರು, ಅಮ್ಮ. ಬೇರೆಯವ್ರು ಮೆಸೇಜಲ್ಲಿ ಕೇಳ್ತಾರೆ. ಪೂರ್ತಿ ಹೆಸರೇನು, ನೀವು ಯಾವ ಜನ, ನಾನ್‌ವೆಜ್ಜಾ ಅಂತ. ಹೇಳಿದ್ ತಕ್ಷಣ ಬ್ಲಾಕು. ಸೈಕಲ್ ತಗೊಂಡೋರು ಏನೂ ಕೇಳಲಿಲ್ಲ. ಗ್ರೈಂಡರಿಗೆ ಮಾತ್ರ."

"ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಮಾರೋದನ್ನೇ ಬಿಡ್ತಿದ್ದೆ. ಸೈಟು ಅಂತ ಅಷ್ಟು ಕಷ್ಟ ಪಡ್ತಿದ್ಯಲ್ಲ. ಅಳಿಸ್ತಾ ಹೋದೆ."

ಸಂಜೆ ಶಿವರಾಜು ಬಂದ. ಗೋಡೆ ನೋಡಿದ, ಹೆಂಡತಿಯ ಮುಖ ನೋಡಿದ. ಸುಣ್ಣ ಎಲ್ಲಿ ಉದುರುತ್ತಿದೆ ತೋರಿಸಿ ಎಂದು ಅವಳು ಕೇಳಿದಳು. ಅವನು ಬೂಟು ಬಿಚ್ಚದೆ ನೆಲಕ್ಕೆ ಕೂತ. ಡಿಪೊದಲ್ಲಿ ಸಂಘದ ಸಭೆಯಲ್ಲಿ ಎದ್ದುನಿಂತು ಮಾತಾಡುವ ಮನುಷ್ಯ, ಏಪ್ರಿಲ್ ತಿಂಗಳ ಮೆರವಣಿಗೆಯಲ್ಲಿ ನೀಲಿ ಬಾವುಟ ಹಿಡಿದು ಮುಂದೆ ನಡೆಯುವ ಮನುಷ್ಯ. ಮೊದಲ ಭಾನುವಾರ ಗ್ರೈಂಡರಿಗೆ ಬಂದ ದಂಪತಿ ಫೋಟೊ ನೋಡಿ ಪಿಸುಗುಟ್ಟಿಕೊಂಡದ್ದನ್ನು ಅವನೂ ತಾಯಿಯೂ ಕೇಳಿಸಿಕೊಂಡಿದ್ದರು. ನೀನು ಆಗ ಸ್ನಾನದಲ್ಲಿದ್ದೆ ಅಂದ. ಎರಡು ಗಂಟೆ ಇಳಿಸಿಟ್ಟರೆ ಏನಾಗುತ್ತದೆ, ಸಾಮಾನು ಹೋದರೆ ಸಾಕು ಅನ್ನಿಸಿತು ಅಂದ. ಇಳಿಸುವಾಗ ಒಂದು ಸಲವೂ ಬಾಬಾಸಾಹೇಬರ ಮುಖ ನೋಡಲಿಲ್ಲ ಎಂದು ಹೇಳಿ, ಅದನ್ನು ಹೇಳಬಾರದಿತ್ತೇನೋ ಎಂಬಂತೆ ಬೂಟಿನ ಲೇಸು ಎಳೆಯತೊಡಗಿದ.

ಕಬ್ಬಿಣಕ್ಕೆ ಗಿರಾಕಿಯಿತ್ತು, ಮರಕ್ಕೆ ಇತ್ತು, ಗಾಜಿಗೆ ಇತ್ತು. ಬಾಯಿಗೆ ಹೋಗುವ ಹಿಟ್ಟು ಮುಟ್ಟಿದ ಕಲ್ಲಿಗೆ ಇರಲಿಲ್ಲ. ಇದು ಭಾನುಪ್ರಿಯಾಳಿಗೆ ಹೊಸದಲ್ಲ. ಅವಳು ಹುಟ್ಟಿ ಬೆಳೆದದ್ದೂ ಇದರೊಳಗೇ. ಆದರೂ ಆರು ವಾರ ಅವಳ ಅನುಮಾನ ಗೇಟು ದಾಟಿ ಆಚೆಗೆ ಹೋಗಿರಲಿಲ್ಲ. ಮೆಟ್ಟಿಲ ಮೇಲೆ ಕೂತ ಮುದುಕಿಯವರೆಗೆ ಹೋಗಿ ನಿಂತುಬಿಟ್ಟಿತ್ತು.

ಮರುದಿನ ರಜೆ ಹಾಕಿ ಕೊಣನೂರಿಗೆ ಹೋದಳು. ಅಶೋಕನ ಮನೆಯ ಮುಂದೆ ಮಾರಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಬಂದವಳನ್ನು ನೋಡಿ ಕೈ ನಿಲ್ಲಿಸಲಿಲ್ಲ. ಊಟ ಆಯಿತಾ ಎಂದಷ್ಟೇ ಕೇಳಿದಳು. ಭಾನುಪ್ರಿಯಾ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಕಾಯಿ ಎತ್ತಿಕೊಂಡಳು. ಸಾಲಗಾಮೆಯವರು ಬಂದುಹೋದದ್ದನ್ನು ಹೇಳಿದಳು.

"ಮಂಚ ಕೇಳುದ್ರಾ?" ಮಾರಮ್ಮ ಹುಳುಕು ಕಾಳೊಂದನ್ನು ಆಚೆ ಎಸೆದಳು. "ಮಂಚ ನೀರು ಈರಲ್ಲ ಅಂತ ಕಾಣ್ತದೆ."

"ನಿಮಗೆ ಗೊತ್ತಿತ್ತು. ನಂಗೆ ಹೇಳಬಹುದಿತ್ತಲ್ಲ, ಅತ್ತೆ. ಮೋಟ್ರು ಕೆಟ್ಟಿದೆ ಅಂತ ಯಾಕೆ ಅಂದ್ರಿ?"

ಮಾರಮ್ಮ ಶಾಲೆಯ ದಿನಗಳ ಮಾತು ತೆಗೆದಳು. ಬಿಸಿಯೂಟದ ಅಡುಗೆಗೆ ಸೇರಿದ ಹೊಸದರಲ್ಲಿ ಮೇಲುಬೀದಿಯ ಮಕ್ಕಳು ಅವಳ ಸಾರು ಮುಟ್ಟುತ್ತಿರಲಿಲ್ಲ. ಮನೆಯಿಂದ ಡಬ್ಬಿ ತರುತ್ತಿದ್ದವು. ಹೆಡ್‌ಮೇಷ್ಟ್ರು ಅವಳನ್ನು ಕರೆದು, ಉಪ್ಪು ಜಾಸ್ತಿ ಆಗುತ್ತಿದೆ ಮಾರಮ್ಮ, ಅದಕ್ಕೇ ಮಕ್ಕಳು ಉಣ್ಣುತ್ತಿಲ್ಲ ಅಂದಿದ್ದರು. ಅವಳು ಉಪ್ಪು ತಗ್ಗಿಸಿದಳು. ಆಮೇಲೆ ಹುಳಿ ಹೆಚ್ಚಾಯಿತು ಅಂದರು, ಹುಳಿ ತಗ್ಗಿಸಿದಳು. ಮನೆಗೆ ಬಂದು ಗಂಡನ ಬಾಯಿಗೆ ಸಾರು ಬಿಟ್ಟು ರುಚಿ ಕೇಳುತ್ತಿದ್ದಳು. ವರ್ಷ ಕಳೆದ ಮೇಲೆ ಯಾರದೋ ಮಗು ನಿಜ ಹೇಳಿತು.

"ಆ ವರ್ಸ ಪೂರ್ತಿ ನಂಗೆ ಚೆನ್ನಾಗಿ ನಿದ್ದೆ ಬತ್ತಿತ್ತು ಕಣ್ ಭಾನು. ಸಾರು ಕೆಟ್ಟದೆ ಅಂದ್ರೆ ಸಾರು ತಿದ್ಕಬೋದು. ನಾವೇ ಕೆಟ್ಟಿದೀವಿ ಅಂದ್ರೆ ಏನ ತಿದ್ಕಳದು? ನಿನ್ ಮಗಳು ಓದ್ಕತಾ ಕೂತವ್ಳೆ ಒಳ್ಗೆ. ಬಂದೋರ ಬಾಯಲ್ಲಿ ಅವ್ಳ ಕಿವಿಗೆ ಬೀಳದು ಬ್ಯಾಡ ಅಂತ, ಅವ್ರು ಬಾಯಿ ತೆಗೆಯಕೆ ಮುಂಚೆ ನಾನೇ ಮೋಟ್ರು ಕೆಟ್ಟದೆ ಅಂದ್ಬುಡ್ತಿದ್ದೆ."

"ಅವಳಿಗೆ ನಮಗಿಂತ ಮುಂಚೆ ಗೊತ್ತಾಗಿತ್ತು."

ಮಾರಮ್ಮನ ಕೈ ಈಗ ನಿಂತಿತು.

"ಇನ್ನೊಂದು. ಆ ದೋಸೆ ಗಾಡಿ ದೇವರಾಜನ್ನೂ ಓಡಿಸಿಬಿಟ್ರಲ್ಲ. ಅವನು ತಗೊಳ್ಳೋನಿದ್ದ. ಇವರು ಹೇಳಿದ್ರು, ಅವನೂ ನಮ್ಮೋನೇ."

"ಅವನ ಅಣೆ ತುಂಬ ಇಬೂತಿ ಇತ್ತು," ಎಂದಳು ಮಾರಮ್ಮ ತಪ್ಪು ಸಿಕ್ಕಿಬಿದ್ದ ಹುಡುಗಿಯ ಹಾಗೆ. "ನಂಗೇನು ಗೊತ್ತು."

ಇಬ್ಬರೂ ನಕ್ಕರು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಭಾನುಪ್ರಿಯಾ, ಮನೆ ಕೆಡಿಸಬೇಡಿ ಅಂದಿದ್ದೆ, ತಪ್ಪಾಯಿತು ಅಂದಳು. ಆಡಿದ ಮಾತು ತೊಳೆದರೆ ಹೋಗುವುದಿಲ್ಲ, ಅದೂ ಕಲ್ಲಿನ ಹಾಗೇ ನೀರು ಹೀರಿಕೊಂಡಿರುತ್ತದೆ ಎಂದಳು ಮಾರಮ್ಮ. ಸಂಜೆಯ ಬಸ್ಸಿಗೆ ಮಾತ್ರ ಗಂಟು ಕಟ್ಟಿದಳು.

ಗುಂಪಿಗೆ ಹೊಸದಾಗಿ ಬರೆಯೋಣ ಎಂದದ್ದು ಭಾನುಪ್ರಿಯಾ. ಹೇಗೆ ಬರೆಯಬೇಕೆಂದು ಹೇಳಿದ್ದು ಮಾರಮ್ಮ. ಶೋಭಿತಾ ಅವಳ ಬಾಯಲ್ಲಿ ಬಂದದ್ದನ್ನು ಬಂದ ಹಾಗೇ ಒತ್ತಿದಳು: "ಗ್ರೈಂಡರ್ ಮಾರಮ್ಮಂದು. ಮೋಟ್ರು ಚೆನ್ನಾಗದೆ. ಕಲ್ಲು ಚೆನ್ನಾಗದೆ. ನಾವು ಹೊಲೇರು. ನಮ್ಮ ಕೈಲಿ ರುಬ್ಬಿದ್ದ ತಿನ್ನೋರು ಮಾತ್ರ ಬನ್ನಿ." ಕಳಿಸುವ ಮುಂಚೆ ಶೋಭಿತಾ ಅಪ್ಪನ ಕಡೆ ನೋಡಿದಳು. ಶಿವರಾಜು ತಾನೇ ಬೆರಳಿಟ್ಟು ಕಳಿಸಿದ.

ಉತ್ತರ ಬರಲು ತಡವಾಗಲಿಲ್ಲ. ಗುಂಪು ನಡೆಸುವವನು ಬರೆದಿದ್ದ: "ದಯವಿಟ್ಟು ಗುಂಪಿನಲ್ಲಿ ಜಾತಿ ತರಬೇಡಿ. ಇಲ್ಲಿ ನಾವೆಲ್ಲರೂ ಒಂದೇ." ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಮರುಗಳಿಗೆಯಲ್ಲಿ ಶೋಭಿತಾಳ ನಂಬರನ್ನು ಗುಂಪಿನಿಂದ ತೆಗೆಯಲಾಯಿತು.

ಓದಿ ಹೇಳಿದ್ದನ್ನು ಮಾರಮ್ಮ ಗಮನವಿಟ್ಟು ಕೇಳಿಸಿಕೊಂಡಳು. "ಅಂದ್ರೆ, ಅಷ್ಟೂ ಜನ ಒಂದಾಗವ್ರೆ. ನಾವೊಬ್ರೇ ಜಾತಿ ಮಾಡೋರು," ಅಂದಳು.

ಮನೆ ಬದಲಾಯಿಸುವ ದಿನ ಗ್ರೈಂಡರನ್ನು ಎಲ್ಲಕ್ಕಿಂತ ಮೊದಲು ಟೆಂಪೋಗೆ ಹತ್ತಿಸಿದರು. ಅಳೆದು ನೋಡಿದ್ದು ಸರಿಯಾಗಿಯೇ ಇತ್ತು. ಅಡುಗೆಕೋಣೆಯಲ್ಲಿ ಅದು ಹಿಡಿಸಲಿಲ್ಲ. ಕೋಣೆಯಲ್ಲಿ ಮಂಚ ಹಾಕಿದ ಮೇಲೆ ಅಲ್ಲೂ ಇಲ್ಲ. ಉಳಿದದ್ದು ಬಾಗಿಲಿಗೆ ನೇರವಾಗಿ ನಡುಮನೆಯ ಮಧ್ಯದ ಜಾಗ. ಅಲ್ಲಿಟ್ಟರೆ ಒಳಗೆ ಬರುವ ಯಾರೇ ಆಗಲಿ ಅದನ್ನು ಸುತ್ತಿಕೊಂಡೇ ಬರಬೇಕು. ಭಾನುಪ್ರಿಯಾ ಅಲ್ಲೇ ಇಡಿಸಿದಳು.

ಮನೆಯ ಓನರಮ್ಮ ದಾಕ್ಷಾಯಣಮ್ಮ ಮಹಡಿಯಿಂದ ಇಳಿದು ಬಂದರು. ಮುಂಗಡ ಕೊಡುವಾಗ ಶಿವರಾಜು ಡಿಪೊದಲ್ಲಿ ಕೆಲಸ ಎಂದಷ್ಟೇ ಹೇಳಿದ್ದ. ಅವರು ಹೆಚ್ಚಿಗೆ ಕೇಳಿರಲಿಲ್ಲ. ಈಗ ಹೊಸ್ತಿಲ ಮೇಲೆ ನಿಂತು ಒಳಗೆ ಇಣುಕಿದರು. ಇನ್ನೂ ಗೋಡೆಗೆ ಏರದ ಫೋಟೊಗಳು ಟೆಂಪೋದ ಹಗ್ಗದ ರಾಶಿಯ ಪಕ್ಕ ಗೋಡೆಗೆ ಮುಖ ಮಾಡಿ ಒರಗಿದ್ದವು. ಶಿವರಾಜುವಿನ ಕೈಯಲ್ಲಿ ಮೊಳೆಯಿತ್ತು, ಸುತ್ತಿಗೆಯಿತ್ತು. ಅವನು ಹೆಂಡತಿಯನ್ನು ನೋಡಿದ.

"ಇದ್ಯಾಕ್ರೀ, ಓಡಾಡೋ ದಾರೀಲೇ ಇಟ್ಕೊಂಡಿದೀರಾ?" ಎಂದು ದಾಕ್ಷಾಯಣಮ್ಮ ಕೇಳಿದರು.

"ಯಾರಾದ್ರೂ ಕೇಳ್ಲಿ ಅಂತಲೇ ಇಟ್ಟಿರೋದು," ಅಂದಳು ಭಾನುಪ್ರಿಯಾ. "ಬನ್ನಿ, ಕೂತ್ಕೊಳ್ಳಿ. ಹೇಳ್ತೀನಿ."

ಮಾರಮ್ಮ ಕುರ್ಚಿಯೊಂದನ್ನು ಎಳೆದು ಮುಂದಕ್ಕಿಟ್ಟಳು. ದಾಕ್ಷಾಯಣಮ್ಮ ಇನ್ನೂ ಹೊಸ್ತಿಲ ಮೇಲೇ ಇದ್ದರು. ಶಿವರಾಜು ಗೋಡೆಗೆ ಮೊಳೆಯಿಟ್ಟು ಸುತ್ತಿಗೆ ಎತ್ತಿದ.